ದಾಸವಾಳ ತಿಂದ ದೇವರು

ನನ್ನ ಸೋದರತ್ತೆ ಕಲ್ಲಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆಯುವ ಹೆಂಗಸು. ತರಕಾರಿ ತೊಳೆಯುವುದಿರಲಿ, ತರಕಾರಿ ತಂದ ಚೀಲವನ್ನೂ ತೊಳೆದು ಒಣಗಿಸುತ್ತಾರೆ. ಅವರ ಮನೆಗೆ ಹೋದರೆ ಮೊದಲು ಕಾಲು ತೊಳೆಯಬೇಕು, ಮಾತುಕತೆ ಆಮೇಲೆ. ನಮ್ಮ ಮಾವ ಭದ್ರಾವತಿಯ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ದಿನಾ ಸಂಜೆ ಅವರು ಮೆತ್ತಿಕೊಂಡು ಬರುತ್ತಿದ್ದ ಎಣ್ಣೆ ಮಸಿಯ ಜೊತೆ ಅರ್ಧ ಆಯುಷ್ಯ ಗುದ್ದಾಡಿದ್ದರಿಂದ ಅತ್ತೆಗೆ ಈ ಗುಣ ಬಂತು ಅನ್ನುವುದು ನನ್ನ ಲೆಕ್ಕ. ಮಾವ ಹೋದ ಮೇಲೆ ಅತ್ತೆ ಶಿವಮೊಗ್ಗಕ್ಕೆ ಬಂದರು. ಈಗ ವಿದ್ಯಾನಗರದ ಮನೆಯಲ್ಲಿ ರೊಟ್ಟಿ ಬಡಿದು ಅಂಗಡಿಗಳಿಗೆ ಕೊಡುತ್ತಾರೆ. ಮಹಡಿಯ ರೂಮನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಯಾರ ಹಂಗಿಗೂ ಬೀಳದೆ ಗಟ್ಟಿಯಾಗಿದ್ದಾರೆ.

ಇನ್ನೊಂದು ಅವರ ಪೂಜೆ. ಮದುವೆಯಾದಾಗಿನಿಂದ ಒಂದು ದಿನವೂ ನೈವೇದ್ಯ ತಪ್ಪಿಸಿದವರಲ್ಲ. ನಾನು ಚಿಕ್ಕವಳಿದ್ದಾಗ, "ಅತ್ತೆ, ಇಟ್ಟ ಬಾಳೆಹಣ್ಣು ಇಟ್ಟ ಹಾಗೇ ಇದೆಯಲ್ಲ, ದೇವರು ತಿಂದೇ ಇಲ್ಲ" ಅಂದಿದ್ದೆ. "ದೇವರು ನೋಡಿದ್ರೆ ಸಾಕು, ತಿನ್ನಬೇಕಾಗಿಲ್ಲ" ಎಂದು ಕಿವಿ ಹಿಂಡಿದ್ದರು. ಅವತ್ತಿನಿಂದ ದೇವರು ದಿಂಡರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೇ. ಈಗ ಶಿವಮೊಗ್ಗದಲ್ಲೇ ಆಲ್ಕೊಳದ ಕಡೆ ಮನೆ ಮಾಡಿಕೊಂಡು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ.

ಕಳೆದ ಚಳಿಗಾಲದಲ್ಲಿ ಮಹಡಿಯ ಬಾಡಿಗೆಯವನು ಯಾರಿಗೂ ಹೇಳದೆ ಕೇಳದೆ ರೂಮು ಖಾಲಿ ಮಾಡಿದ. ಗುಡಿಸಲು ಹೋದ ಅತ್ತೆಗೆ ಕಪಾಟಿನ ಮೂಲೆಯಲ್ಲಿ ಒಂದು ಚಪ್ಪಲಿ ಡಬ್ಬ ಸಿಕ್ಕಿತು. ಅದರೊಳಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದೊಂದು ಕಲ್ಲಿನ ಆಮೆ, ಕಪ್ಪು ಬೆನ್ನಿನ ಮೇಲೆ ಹಳದಿ ಚಿತ್ತಾರ. ಮನೆಯಲ್ಲಿ ನೀರಿನ ತಟ್ಟೆಯೊಳಗೆ ಆಮೆ ಇಟ್ಟು ಉತ್ತರಕ್ಕೆ ಮುಖ ಮಾಡಿಸಿದರೆ ಒಳ್ಳೆಯದು ಎಂದು ಯಾರೋ ಹೇಳಿದ್ದರಿಂದ, ಅತ್ತೆ ಅಂಥದ್ದೊಂದನ್ನು ಕೊಳ್ಳಬೇಕೆಂದು ಬಹಳ ದಿನದಿಂದ ಕಾಯುತ್ತಿದ್ದರು. ಶಿವನೇ ಕಳಿಸಿದ ಅಂದುಕೊಂಡರು. ಚೆನ್ನಾಗಿ ತೊಳೆದರು. ಹಿತ್ತಾಳೆ ದೀಪಕ್ಕೆ ತಿಕ್ಕುವ ಹುಣಸೆಹುಳಿ ಇದಕ್ಕೆ ಹಚ್ಚದೇ ಬಿಟ್ಟಿದ್ದು ಅದರ ಪುಣ್ಯ. ದೇವರ ಮನೆಯ ತಟ್ಟೆಯಲ್ಲಿ ತಣ್ಣೀರು ಹಾಕಿ, ಆಮೆ ಇಟ್ಟು, ಬೆನ್ನಿಗೆ ವಿಭೂತಿ ಹಚ್ಚಿ, ಎದುರಿಗೊಂದು ದಾಸವಾಳ ಇಟ್ಟರು. ದಿನಾ ಬೆಳಿಗ್ಗೆ ಮತ್ತೆ ತೊಳೆದು ಹೊಸ ನೀರು.

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದಾಗ ಫೋನ್ ಬಂತು. ಅತ್ತೆಯ ದನಿ ತೀರಾ ಸಣ್ಣದಾಗಿತ್ತು.

"ಸುಮನಾ, ದೇವರ ಮನೇಲಿ ಕಲ್ಲು ನಡೀತಿದೆ ಕಣೆ. ಬೇಗ ಬಾ."

ವಯಸ್ಸಾಯಿತು, ಏನೋ ಆಗಿದೆ ಎಂದು ಹೆದರಿ ಸ್ಕೂಟಿ ಓಡಿಸಿದೆ. ಹೋಗಿ ನೋಡಿದರೆ ದೀಪದ ಶಾಖಕ್ಕೆ ಎಚ್ಚರವಾದ ಮರಿ ಆಮೆ ಕತ್ತು ಚಾಚಿ, ತಟ್ಟೆಯ ಅಂಚಿಗೆ ಮುಂಗಾಲು ಕೊಟ್ಟು ಹೊರಗೆ ಬರಲು ಒದ್ದಾಡುತ್ತಿತ್ತು. ಬೆನ್ನ ಮೇಲೆ ಮೂರು ಬೆರಳಿನ ವಿಭೂತಿ. ನಗು ಬರಬೇಕಿತ್ತು, ಬರಲಿಲ್ಲ. ಅಷ್ಟು ಸಣ್ಣ ಕಾಲಿಗೆ ಅಷ್ಟೊಂದು ಹಟ ಇರುವುದನ್ನು ನಾನು ಎಂದೂ ನೋಡಿರಲಿಲ್ಲ.

ಸುದ್ದಿ ಕೇಳಿ ನಮ್ಮಪ್ಪ ಮುರುಗೇಶಪ್ಪ ಭದ್ರಾವತಿಯಿಂದ ಬಸ್ಸು ಹತ್ತಿ ಬಂದ. ಕೈಯಲ್ಲಿ ಊಟದ ಕ್ಯಾರಿಯರ್, ಅದರ ಒಂದು ಡಬ್ಬದ ತುಂಬ ನೀರು.

"ನಮ್ಮ ಬಾವಿಗೆ ಬಿಡ್ತೀನಿ ಅಕ್ಕ. ಹಿಂದೆ ಎಲ್ಲರ ಬಾವೀಲೂ ಆಮೆ ಬಿಡ್ತಿರಲಿಲ್ವಾ? ನೀರು ಚೊಕ್ಕ ಇರುತ್ತೆ, ಇದೂ ಸುಖವಾಗಿರುತ್ತೆ."

ಅತ್ತೆ ಒಪ್ಪಿ ಮರಿಯನ್ನು ಡಬ್ಬದೊಳಗೆ ಬಿಟ್ಟರು. ಅದು ಈಜಲಿಲ್ಲ. ಮೂಗು ಮೇಲೆತ್ತಿ ನಾಲ್ಕೂ ಕಾಲು ಬಡಿಯಿತು, ಆಮೇಲೆ ಮೆಲ್ಲಗೆ ಕೆಳಗಿಳಿಯಿತು. ಅತ್ತೆ ತಟಕ್ಕನೆ ಎತ್ತಿ ಸೆರಗಿನಲ್ಲಿ ಒರೆಸಿದರು.

"ಇದಕ್ಕೆ ನೀರಾಗಲ್ಲ ಕಣೋ ಮುರುಗೇಶ. ಕಾಲು ನೋಡು, ಆನೆ ಕಾಲಿದ್ದ ಹಾಗಿದೆ."

"ಆಮೆಗೆ ನೀರಾಗಲ್ಲ ಅಂದ್ರೆ ಮೀನಿಗೆ ಮರ ಹತ್ತೋಕೆ ಹೇಳು" ಎಂದು ಅಪ್ಪ ಗೊಣಗಿದ.

ಇಬ್ಬರ ವಾದ ಕೇಳುತ್ತಾ ಕೂತರೆ ಮರಿ ಉಳಿಯುವುದಿಲ್ಲ ಎಂದು ನಾನೇ ಆಟೋ ಕರೆದೆ. ರೊಟ್ಟಿ ಮುಚ್ಚುವ ಬಟ್ಟೆಯಲ್ಲಿ ಸುತ್ತಿಕೊಂಡು ಪಶುವೈದ್ಯೆ ಹೇಮಶ್ರೀಯವರ ಹತ್ತಿರ ಹೋದೆವು. ಅವರು ಮರಿಯನ್ನು ಅಂಗೈಯಲ್ಲಿಟ್ಟುಕೊಂಡು, ತಿರುಗಿಸಿ, ಕಾಲು ನೋಡಿದರು, ಮೂಗು ನೋಡಿದರು.

"ನಕ್ಷತ್ರ ಆಮೆ ಅಮ್ಮ. ಒಣ ನೆಲದ ಮೇಲೆ ಬದುಕೋದು. ನೀರಿನ ಆಮೆಗಾದ್ರೆ ಬೆರಳಿನ ನಡುವೆ ಚರ್ಮ ಇರುತ್ತೆ, ಇದಕ್ಕಿಲ್ಲ. ಇನ್ನೂ ಹಸುಗೂಸು. ಬೆನ್ನಿನ ಮೇಲಿನ ಈ ಹಳದಿ ಮಚ್ಚೆ ಇದೆಯಲ್ಲ, ಬೆಳೀತಾ ಬೆಳೀತಾ ಒಂದೊಂದರಿಂದಲೂ ಗೆರೆ ಹರಡಿ ನಕ್ಷತ್ರ ಆಗುತ್ತೆ."

ಅತ್ತೆ ಬಾಯಿ ಬಿಟ್ಟುಕೊಂಡು ಕೇಳಿದರು. ವೈದ್ಯೆ ಮುಂದೆ ಹೇಳಿದ್ದು ಅಷ್ಟು ಚೆಂದವಿರಲಿಲ್ಲ. ಇಂಥ ಮರಿಗಳನ್ನು ಕದ್ದು ಮಾರುವವರಿದ್ದಾರೆ, ಬಾಡಿಗೆಯವನೂ ಅದಕ್ಕೇ ತಂದಿಟ್ಟಿರಬೇಕು. ಇದನ್ನು ಮನೆಯಲ್ಲಿ ಸಾಕುವುದಕ್ಕೆ ಕಾನೂನು ಬಿಡುವುದಿಲ್ಲ, ಅರಣ್ಯ ಇಲಾಖೆಯವರು ಬಂದು ಒಯ್ಯುತ್ತಾರೆ. ತಣ್ಣೀರಿನಲ್ಲಿದ್ದು ಶೀತವಾಗಿದೆ, ಹೊಟ್ಟೆಗೂ ಏನೂ ಬಿದ್ದಿಲ್ಲ.

"ಅವರು ಬರೋವರೆಗೆ ಬೆಚ್ಚಗಿಡಿ, ಬಿಸಿಲು ಕಾಣಿಸಿ. ಹಾಲು, ಅನ್ನ ಬೇಡ. ಸೊಪ್ಪು, ಹೂವು ಕೊಡಿ. ತಿಂದ್ರೆ ಉಳಿಯುತ್ತೆ. ತಿನ್ನದಿದ್ರೆ ಹೇಳೋಕಾಗಲ್ಲ."

ವಾಪಸು ಬರುವಾಗ ಆಟೋದಲ್ಲಿ ಅತ್ತೆ ತಲೆಯೆತ್ತಲಿಲ್ಲ. "ನಾನೇ ತೊಳೆದು ತೊಳೆದು ಈ ಸ್ಥಿತಿಗೆ ತಂದೆ. ಪೂಜೆ ಅಂದ್ಕೊಂಡೆ ಕಣೆ" ಅಂದರು.

ರೊಟ್ಟಿ ನಿಂತಿತು. ಅಂಗಡಿಯವರು ಫೋನ್ ಮಾಡಿದರೆ "ಮನೇಲಿ ಕೂಸಿಗೆ ಹುಷಾರಿಲ್ಲ" ಎಂಬ ಉತ್ತರ. ಮಣ್ಣು ತುಂಬಿದ ಟಬ್ಬನ್ನು ತಾರಸಿಯ ಮೇಲಿಟ್ಟು, ಬಿಸಿಲು ಸರಿದ ಹಾಗೆಲ್ಲ ತಾವೂ ಸರಿಸುತ್ತಿದ್ದರು. ನೆತ್ತಿ ಬಿಸಿಲಿಗೆ ಸೆರಗು ಹಿಡಿಯುತ್ತಿದ್ದರು. ದಂಟಿನ ಸೊಪ್ಪು, ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿಟ್ಟರೆ ಮರಿ ಮೂಸಿಯೂ ನೋಡಲಿಲ್ಲ. ಒಂದು ಹೊತ್ತಿನಲ್ಲಂತೂ ಕಣ್ಣೇ ತೆರೆಯಲಿಲ್ಲ. ಮೈಗೆಲ್ಲ ಮಣ್ಣು ಮೆತ್ತಿಕೊಂಡಿತ್ತು, ಅತ್ತೆ ಒರೆಸಲಿಲ್ಲ. ಅವರ ಕೈ ಎರಡು ಸಲ ಮುಂದೆ ಹೋಗಿ ವಾಪಸು ಬಂದಿದ್ದನ್ನು ನಾನು ಕಂಡೆ. ಅದು ಅವರಿಗೆ ಎಷ್ಟು ಕಷ್ಟ ಎಂದು ನಮ್ಮ ಮನೆಯವರಿಗೆ ಮಾತ್ರ ಗೊತ್ತು.

ಇಲಾಖೆಯವರು ಬರುವ ದಿನ ನಾನು ರಜೆ ಹಾಕಿ ಹೋದೆ. ಅಪ್ಪನೂ ಬಂದಿದ್ದ. ಅತ್ತೆ ಪೂಜೆಗೆ ಬಿಡಿಸಿದ್ದ ದಾಸವಾಳಗಳಲ್ಲಿ ಒಂದನ್ನು ತಾರಸಿಗೆ ತಂದು, ಟಬ್ಬಿನಲ್ಲಿ ಮರಿಯ ಎದುರಿಗಿಟ್ಟರು. ಕೈ ಮುಗಿಯಲಿಲ್ಲ, ಏನೂ ಬೇಡಲಿಲ್ಲ. ಕೂತರು, ಅಷ್ಟೆ.

ಬಿಸಿಲು ಟಬ್ಬಿನೊಳಗೆ ಇಳಿಯಿತು. ಮೊದಲು ಒಂದು ಕಣ್ಣು ತೆರೆಯಿತು, ಸಾಸಿವೆ ಕಾಳಿನಷ್ಟು ಕಪ್ಪು. ಕತ್ತು ಮೆಲ್ಲಗೆ ಹೊರಬಂತು. ಮರಿ ಒಂದು ಹೆಜ್ಜೆ ಇಟ್ಟು ನಿಂತಿತು, ಹೂವನ್ನೇ ನೋಡಿತು. ಆಮೇಲೆ ಗುಲಾಬಿ ನಾಲಿಗೆ ತೋರಿಸಿ ಬಾಯಿ ತೆರೆದು, ಕೆಂಪು ಎಸಳಿನ ಅಂಚನ್ನು ಕಚ್ಚಿ ಎಳೆಯಿತು. ಎಸಳಿನ ಮೇಲೆ ಅಕ್ಕಿಕಾಳಿನಷ್ಟು ಜಾಗ ಖಾಲಿಯಾಯಿತು. ಮತ್ತೊಮ್ಮೆ ಕಚ್ಚಿತು. ಈ ಭೂಮಿಯ ಮೇಲೆ ಒಂದು ಜೀವ ಉಳಿಯಬೇಕೆಂದು ತೀರ್ಮಾನ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅತ್ತೆಯ ಕೆನ್ನೆ ಒದ್ದೆಯಾಗಿತ್ತು.

ಮಧ್ಯಾಹ್ನ ಇಲಾಖೆಯ ಇಬ್ಬರು ಬಂದು ಮರಿಯನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿ ಮಲಗಿಸಿಕೊಂಡರು. ಗೇಟಿನವರೆಗೂ ಹೋದ ಅತ್ತೆ ಅವರಿಗೆ ಒಂದೇ ಮಾತು ಹೇಳಿದರು.

"ತೊಳೀಬೇಡಿ ಅಪ್ಪಾ."

ವಾಪಸು ಬಂದು ಆ ಅರ್ಧ ತಿಂದ ದಾಸವಾಳವನ್ನು ಟಬ್ಬಿನಿಂದೆತ್ತಿ, ಮಣ್ಣು ಸಹಿತ ದೇವರ ಮನೆಗೆ ಒಯ್ದರು. ಅಪ್ಪ ತಡೆದ.

"ಅಕ್ಕ, ಎಂಜಲು ಹೂವನ್ನ ದೇವರಿಗೆ ಏರಿಸ್ತಾರಾ?"

"ಏರಿಸೋಕಲ್ಲ ಕಣೋ. ಇಷ್ಟು ವರ್ಷ ಇಟ್ಟಿದ್ದೆಲ್ಲ ಇಟ್ಟ ಹಾಗೇ ವಾಪಸ್ ಬರ್ತಿತ್ತು. ಇದೊಂದು ತಿಂದು ಉಳಿಸಿದ್ದು."

ಅತ್ತೆ ಹೂವಿನಿಂದ ಒಂದು ಎಸಳು ಕಿತ್ತು ನನ್ನ ಕಡೆ ಚಾಚಿದರು. ನಾನು ಬಲಗೈ ಒಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ.