ಸೈರನ್ನಿಗೆ ಖಾಲಿಯಾದ ಕಡಲು

ಆಗ ನಮ್ಮ ಕಾರ್ಗಲ್ ಕಾಲೊನಿಯಲ್ಲಿ ದೇವರನ್ನು ನಂಬದವರೂ ಸೈರನ್ ನಂಬುತ್ತಿದ್ದರು. ಲಿಂಗನಮಕ್ಕಿ ಅಣೆಕಟ್ಟೆಯ ಗೇಟು ತೆಗೆಯುವ ಮೊದಲು ಅದು ಕೂಗುತ್ತಿತ್ತು. ಶುರುವಿನಲ್ಲಿ ಹೊಟ್ಟೆಯೊಳಗಿಂದ ಎದ್ದ ಹಾಗೆ ದಪ್ಪಗೆ, ಆಮೇಲೆ ಮೂಗಿಗೇರಿ ಸಣ್ಣಗೆ, ಕೊನೆಗೆ ಅತ್ತು ಸುಸ್ತಾದ ಮಗುವಿನ ಹಾಗೆ ಎಳೆಯುತ್ತ ಇಳಿಯುತ್ತಿತ್ತು. ಅದು ಕೂಗಿದ ಮೇಲೆ ಕೆಳಗಿನ ಹೊಳೆಯಲ್ಲಿ ಯಾರೂ ಇರಕೂಡದು. ಬಟ್ಟೆ ಒಗೆಯುತ್ತಿದ್ದರೆ ಬಟ್ಟೆ ಬಿಟ್ಟು, ಏಡಿ ಹಿಡಿಯುತ್ತಿದ್ದರೆ ಏಡಿ ಬಿಟ್ಟು ದಡ ಹತ್ತಬೇಕು. ಯಾಕೆ ಏನು ಅಂತ ಕೇಳುತ್ತ ನಿಂತರೆ ಕಿವಿ ಹಿಂಡಿಸಿಕೊಳ್ಳುವುದು ಖಾತ್ರಿ. ಅ ಆ ಇ ಈ ಬರುವ ಮೊದಲೇ ನಮ್ಮ ಕಾಲಿಗೆ ಈ ಪಾಠ ಬಂದಿತ್ತು.

ನನಗೆ ಆಗ ಹತ್ತೋ ಹನ್ನೊಂದೋ. ತಲೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಆದರೆ ಗಂಟಲಿನಲ್ಲಿ ಇಡೀ ಕಾಲೊನಿ ಇತ್ತು. ಹೆಡ್‌ಮಾಸ್ಟರ ಕೆಮ್ಮು, ಹಾಲಿನವನ ಬೈಕು, ಅಮ್ಮನ ಕುಕ್ಕರು, ಪಕ್ಕದ ಮನೆಯ ಗಣಪತಿ ಮಾವ, ಎಲ್ಲರನ್ನೂ ಆಡಿ ತೋರಿಸುತ್ತಿದ್ದೆ. "ನಿನ್ನ ಸ್ವಂತ ದನಿ ಯಾವುದೋ?" ಎಂದು ಯಾರಾದರೂ ಕೇಳಿದರೆ ಅಮ್ಮನೇ ಉತ್ತರ ಕೊಡುತ್ತಿದ್ದಳು: "ಅದಾ, ಒಡೆದ ಪೀಪಿ."

ಅಪ್ಪನದು ಗೇಟಿನ ಕೆಲಸ. ವರ್ಷವೆಲ್ಲ ಗ್ರೀಸು ಹಚ್ಚುವುದು, ಮಳೆಗಾಲದಲ್ಲಿ ಅಣೆಕಟ್ಟೆ ತುಂಬಿದರೆ ಗೇಟು ಎತ್ತುವುದು, ಅದಕ್ಕೂ ಮೊದಲು ಸೈರನ್ ಒತ್ತುವುದು. ಆ ವರ್ಷ ದಸರಾ ರಜೆ ಶುರುವಾಗುವ ಹೊತ್ತಿಗೆ ಅವನಿಗೆ ಬಯಲುಸೀಮೆಯ ಸಬ್‌ಸ್ಟೇಷನ್ ಒಂದಕ್ಕೆ ವರ್ಗವಾಯಿತು. ರಜೆ ಮುಗಿಯುವುದರೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕಿತ್ತು. "ಅಲ್ಲಿ ನಲ್ಲೀಲಿ ಬಂದ್ರೆ ಮಾತ್ರ ನೀರಂತೆ" ಎಂದು ಅಮ್ಮ ಪಾತ್ರೆ ಕಟ್ಟತೊಡಗಿದಳು.

ಬೀಳ್ಕೊಡುಗೆಗೆ ಸನ್ಮಾನ ಗಿನ್ಮಾನ ಬೇಡ, ಟೆಂಪೋ ಮಾಡಿಕೊಂಡು ಎಲ್ಲರೂ ಘಟ್ಟ ಇಳಿಯುವುದು ಎಂದು ತೀರ್ಮಾನ ಮಾಡಿದ್ದು ಗಣಪತಿ ಮಾವ. ಇಡಗುಂಜಿ, ಅಪ್ಸರಕೊಂಡ, ಮುರ್ಡೇಶ್ವರ, ಎಲ್ಲ ಒಂದೇ ದಿನದಲ್ಲಿ. ಅಪ್ಪ ಕೇಳಿದ್ದು ಒಂದೇ ಜಾಗ. "ಹೊನ್ನಾವರದಲ್ಲಿ ಹೊಳೆ ಸಮುದ್ರ ಸೇರತ್ತಲ್ಲ, ಅಲ್ಲಿ ನಿಲ್ಲಿಸಿ. ಇಷ್ಟು ವರ್ಷ ನೀರು ಬಿಟ್ಟಿದೀನಿ. ಮುಟ್ತೋ ಇಲ್ವೋ ನೋಡ್ಬೇಡ್ವಾ?"

"ಮುಟ್ಟದೆ ಇದ್ರೆ ಎಂತ ಮಾಡ್ತೀರಿ, ವಾಪಸ್ ತರ್ತೀರಾ?" ಅಂದಳು ಅಮ್ಮ.

ಹೊನ್ನಾವರ ನಮಗೇನು ಕಾಶಿಯಲ್ಲ. ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಹೋಗಿ ಮುಟ್ಟಬಹುದು. ಆದರೆ ಮಳೆಗಾಲದಲ್ಲಿ ಅಪ್ಪನಿಗೆ ರಜೆ ಇಲ್ಲ. ಬೇಸಿಗೆಯಲ್ಲಿ "ಇಲ್ಲೇ ಇದೆಯಲ್ಲ, ಹೋದ್ರಾಯ್ತು." ಹಾಗೆ ಹೇಳುತ್ತ ಹೇಳುತ್ತ ಅವನು ಒಮ್ಮೆಯೂ ಹೋಗಿರಲಿಲ್ಲ.

ಟೆಂಪೋ ಹೊರಟಿತು. ಘಟ್ಟದ ತಿರುವಿನಲ್ಲಿ ಹೆಂಗಸರೆಲ್ಲ ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿದರು. ಡೀಸೆಲ್ಲು, ಚಿತ್ರಾನ್ನ, ಯಾರದೋ ವಾಂತಿ, ಮೂರೂ ಸೇರಿದ ಆ ವಾಸನೆಗೆ ನನ್ನ ಮೂಗಿನಲ್ಲಿ ಇವತ್ತಿಗೂ 'ಪ್ರವಾಸ' ಅಂತಲೇ ಹೆಸರು. ಗೇರುಸೊಪ್ಪೆ ದಾಟಿದ ಮೇಲೆ ಬಿಸಿಲು ಬಂತು. ಮಳೆಯಲ್ಲಿ ನೆಂದು ಬೂಸಲು ಹಿಡಿದಿದ್ದ ನಾವು ಕಿಟಕಿಯಾಚೆ ಕೈ ಚಾಚಿ ಒಣಗಿಸಿಕೊಂಡೆವು.

ಹೊನ್ನಾವರದ ಸೇತುವೆ ಬಂದದ್ದೇ ಅಪ್ಪ ಎದ್ದು ನಿಂತ. "ಸಲೀಮಣ್ಣ, ನಿಲ್ಸಿ, ನಿಲ್ಸಿ!"

"ಸೇತುವೆ ಮೇಲೆ ನಿಲ್ಸಿದ್ರೆ ಹಿಂದಿನ ಲಾರಿಯವ್ನು ನಮ್ಮನ್ನೇ ಸಮುದ್ರ ಸೇರಿಸ್ತಾನೆ, ಕೂತ್ಕೊಳ್ಳಿ" ಅಂದ ಡ್ರೈವರ್ ಸಲೀಮಣ್ಣ.

"ಬರ್ತಾ ನೋಡನ ಮಾರಾಯ, ಹೊಳೆ ಎಲ್ಲಿಗೂ ಓಡಿ ಹೋಗ್ತಿಲ್ಲೆ" ಎಂದರು ಗಣಪತಿ ಮಾವ. ಓಡಿ ಹೋಗುವುದೇ ಹೊಳೆಯ ಕೆಲಸ ಎಂದು ಅವರಿಗೆ ಯಾರೂ ಹೇಳಲಿಲ್ಲ.

ಆಮೇಲೆ ಮಾವನ ದರ್ಬಾರು. ಎಲ್ಲಿ ಇಳಿದರೂ ಚಪ್ಪಾಳೆ ತಟ್ಟಿ, "ನೋಡಿದ್ದಾತಾ? ಹತ್ತಿ, ಹತ್ತಿ, ಹೊತ್ತಾತು!" ಇಡಗುಂಜಿ ಗಣಪತಿಗೆ ಅರ್ಧ ಕೈ ಮುಗಿದಿದ್ದೆವು, ಹತ್ತಿ ಹತ್ತಿ. ಅಪ್ಸರಕೊಂಡದ ಗುಡ್ಡದ ಮೇಲಿಂದ ಸಮುದ್ರ ಹೊಳೆಯುತ್ತಿತ್ತು. ಅಮ್ಮ 'ಆಹಾ' ಎನ್ನಲು ಬಾಯಿ ತೆರೆದಳು, ಆ ಹೇಳಿ ಹಾ ಹೇಳುವುದರೊಳಗೆ ಹತ್ತಿ ಹತ್ತಿ. ನಾನು ಹಿಂದಿನ ಸೀಟಿನಿಂದ ಅವರದೇ ದನಿಯಲ್ಲಿ "ಉಸಿರಾಡಿದ್ದಾತಾ? ಹತ್ತಿ!" ಎಂದೆ. ಮಾವ ತಿರುಗಿ ನೋಡಿದರು. ನಾನು ಕಿಟಕಿಯಾಚೆಯ ತೆಂಗಿನ ಮರದಲ್ಲಿ ಅಪಾರ ಆಸಕ್ತಿ ತೋರಿಸಿದೆ.

ಮುರ್ಡೇಶ್ವರದಲ್ಲಿ ಶಿವನನ್ನು ಕತ್ತೆತ್ತಿ ನೋಡಿ, ಗೋಪುರದ ಲಿಫ್ಟಿನಲ್ಲಿ ಹತ್ತಿ ಇಳಿದು, ಮೊಸರನ್ನ ಮಿಡಿ ಉಪ್ಪಿನಕಾಯಿ ತಿಂದು ಕಡಲಿಗಿಳಿದೆವು. ವಿಚಿತ್ರ ಆದದ್ದು ಅಲ್ಲೇ. ದಿನವೆಲ್ಲ ನಮ್ಮನ್ನು ಅಟ್ಟಿದ ಗಣಪತಿ ಮಾವ ನೀರಿಗಿಳಿದವರು ಮೇಲೆ ಬರಲೇ ಇಲ್ಲ. ತಲೆಗೆ ಟವೆಲು ಸುತ್ತಿಕೊಂಡು, ಒಂದೊಂದು ತೆರೆ ಬಂದಾಗಲೂ ಎಮ್ಮೆಕರುವಿನ ಹಾಗೆ ನೆಗೆದು ಕೇಕೆ ಹಾಕುತ್ತಿದ್ದರು.

ಅಪ್ಪ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಲ್ಲಿ ನಿಂತಿದ್ದ. ಅವನ ಕಣ್ಣು ಸಮುದ್ರದ ಮೇಲಿರಲಿಲ್ಲ, ಸೂರ್ಯನ ಮೇಲಿತ್ತು. "ಗಣಪತಣ್ಣ, ಹೊರಡಣ? ಕತ್ತಲಾದ್ರೆ ಅಲ್ಲಿ ಎಂತ ಕಾಣತ್ತೆ?"

"ಇನ್ನೊಂದೇ ಒಂದು ತೆರೆ!"

ಆ ಒಂದು ತೆರೆ ಹೋಗಿ ಇನ್ನೆಷ್ಟೋ ಬಂದವು. ಸೂರ್ಯ ವಾಲಿದ. ಅಪ್ಪ ಮತ್ತೆ ಕೇಳಿದ, ಈ ಸಲ ಸಣ್ಣ ದನಿಯಲ್ಲಿ. ಮಾವನಿಗೆ ಕೇಳಿಸಲೇ ಇಲ್ಲ. "ಹೋಗ್ಲಿ ಬಿಡು" ಎಂದು ಅವನು ಅಮ್ಮನಿಗೆ ಹೇಳಿದ್ದು ಮಾತ್ರ ನನಗೆ ಕೇಳಿಸಿತು. ಇನ್ನೆರಡು ದಿನಕ್ಕೆ ಲಾರಿ ಬಂದು ನಮ್ಮ ಸಾಮಾನು ಹೇರಿಕೊಂಡು ಹೋಗುವುದಿತ್ತು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒದ್ದೆ ಚಡ್ಡಿಯಲ್ಲೇ ಓಡಿ, ಬಂಡೆಯೊಂದರ ಹಿಂದೆ ಕೂತು, ಅಂಗೈ ಎರಡನ್ನೂ ಬಾಯಿಗೆ ಹಿಡಿದು ಹೊಟ್ಟೆಯಿಂದ ಶುರು ಮಾಡಿದೆ. ದಪ್ಪಗೆ. ಮೂಗಿಗೇರಿಸಿ ಸಣ್ಣಗೆ. ಮತ್ತೆ ಇಳಿಸಿ. ಮತ್ತೆ ಏರಿಸಿ.

ಇಡೀ ಕಾರ್ಗಲ್ ಸಮುದ್ರದಿಂದ ಎದ್ದು ಓಡಿತು! ಹೆಂಗಸರು ಸೀರೆ ಎತ್ತಿಕೊಂಡು, ಗಂಡಸರು ಸಿಕ್ಕ ಸಿಕ್ಕ ಮಕ್ಕಳ ರಟ್ಟೆ ಹಿಡಿದುಕೊಂಡು. "ಮೇಲೆ! ಮೇಲೆ!" ಎಂದು ಕೂಗುತ್ತ ಎಲ್ಲರಿಗಿಂತ ಮುಂದೆ ಗಣಪತಿ ಮಾವ, ಅವರ ಹಿಂದೆ ತೆರೆಯ ಮೇಲೆ ತೇಲುತ್ತ ಅವರ ಟವೆಲು. ಅಪ್ಪನೂ ಓಡಿದ, ಕಂಕುಳಲ್ಲಿ ಯಾರದೋ ಗುರುತಿಲ್ಲದ ಮಗು. ಅದರ ತಾಯಿ "ನನ್ನ ಹುಡ್ಗ, ನನ್ನ ಹುಡ್ಗ!" ಎಂದು ಬೆನ್ನಟ್ಟಿದಳು. ಬೇರೆ ಊರುಗಳಿಂದ ಬಂದವರು ನೀರಲ್ಲೇ ನಿಂತು ಇವರಿಗೆ ಏನು ಹಿಡಿಯಿತೆಂದು ಬಾಯಿ ಬಿಟ್ಟು ನೋಡಿದರು.

ಮರಳಿನ ಮೇಲೆ ಎಲ್ಲರೂ ಏದುಸಿರು ಬಿಡುತ್ತಿರುವಾಗ ಅಮ್ಮ ಅಪ್ಪನನ್ನು ಕೇಳಿದಳು: "ಅಲ್ರೀ, ಸೈರನ್ ಒತ್ತೋರು ನೀವು. ನೀವು ಇಲ್ಲಿದ್ರೆ ಅಲ್ಲಿ ಒತ್ತಿದ್ದು ಯಾರು?"

"ಸಮುದ್ರಕ್ಕೆ ಗೇಟು ಇಟ್ಟಿದ್ದಾದ್ರೂ ಯಾವಾಗ ಸ್ವಾಮಿ?" ಎಂದ ಸಲೀಮಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತ.

ಎಲ್ಲರ ಕಣ್ಣೂ ಬಂಡೆಯ ಕಡೆ ತಿರುಗಿತು. ನಾನು ಗಣಪತಿ ಮಾವನ ಹಾಗೆ ಚಪ್ಪಾಳೆ ತಟ್ಟಿದೆ. "ಹತ್ತಿ, ಹತ್ತಿ, ಹೊತ್ತಾತು!" ಮಾವ ನನ್ನ ಕಿವಿ ಹಿಂಡಿದರು, ನಿಜ. ಆದರೆ ಹಿಂಡುತ್ತಲೇ ಟೆಂಪೋದವರೆಗೆ ನಡೆದರು. ನನಗೆ ಅಷ್ಟು ಸಾಕಾಗಿತ್ತು.

ಹೊನ್ನಾವರ ಸೇತುವೆಯ ಈಚೆ ದಡದ ಕಾಸರಕೋಡಿನ ಮರಳಿನಲ್ಲಿ ನಾವು ಓಡಿದಾಗ ಸೂರ್ಯ ನೀರು ಮುಟ್ಟಲು ಇನ್ನು ಗೇಣಷ್ಟೇ ಇತ್ತು. ಒಣಮೀನಿನ ವಾಸನೆ, ಮರಳುತ್ತಿದ್ದ ದೋಣಿಗಳು. ಅಲ್ಲಿತ್ತು ನಮ್ಮ ಶರಾವತಿ, ಆಚೆ ದಡ ದೂರವಾಗುವಷ್ಟು ಅಗಲ. ಅಪ್ಪ ನೋಡಿದ. ಆಮೇಲೆ ಹುಬ್ಬು ಗಂಟಿಕ್ಕಿದ. "ಇದೇನು, ನೀರು ಹಿಂದಕ್ಕೆ ಬರ್ತಾ ಇದೆ!"

ಹೌದು. ಕಡಲು ತೆರೆ ತೆರೆಯಾಗಿ ಹೊಳೆಯೊಳಗೆ ನುಗ್ಗುತ್ತಿತ್ತು. ಬುಟ್ಟಿ ಹೊತ್ತು ಹೋಗುತ್ತಿದ್ದ ಮೀನಿನ ಹೆಂಗಸು, "ಈಗ ಉಬ್ಬರ ಅಲ್ದಾ ಅಣ್ಣ. ಇಳಿತದಲ್ಲಿ ಹೊರಗೆ ಹೋಗ್ತದೆ" ಅಂದಳು.

ಅಪ್ಪ ಅಮ್ಮನ ಕಡೆ ತಿರುಗಿದ. "ನೋಡಿದ್ಯಾ? ಇಷ್ಟು ಕಷ್ಟಪಟ್ಟು ಕಳಿಸಿದ್ರೆ ವಾಪಸ್ ಊರಿಗೆ ಹೊರಟಿದೆ."

"ಅದಕ್ಕಾದ್ರೂ ವಾಪಸ್ ಹೋಗಕ್ಕೆ ಆಗತ್ತಲ್ಲ" ಅಂದಳು ಅಮ್ಮ.

ಅಪ್ಪ ನಗಲಿಲ್ಲ. ಬಗ್ಗಿ, ಬೊಗಸೆಯಲ್ಲಿ ನೀರೆತ್ತಿ ಮುಖಕ್ಕೆ ಹಚ್ಚಿಕೊಂಡು ಹಾಗೇ ನಿಂತ. ಗಣಪತಿ ಮಾವ ಚಪ್ಪಾಳೆಗೆಂದು ಎತ್ತಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಸೂರ್ಯ ಪೂರ್ತಿ ಮುಳುಗುವವರೆಗೆ ಯಾರೂ ಹೊತ್ತಾತು ಅನ್ನಲಿಲ್ಲ.

ಈಗ ಕಾಲೊನಿಯಲ್ಲಿ ನಾವಿದ್ದ ಸಾಲಿನ ಮನೆಗಳಿಗೆ ಬೀಗ, ಅಂಗಳದಲ್ಲಿ ಸೊಂಟದುದ್ದ ಹುಲ್ಲು. ಇದ್ದವರೆಲ್ಲ ದಿಕ್ಕಿಗೊಬ್ಬರಾಗಿ ಒಂದು ವಾಟ್ಸಾಪ್ ಗುಂಪಿನಲ್ಲಿ ಶುಭೋದಯ ಹೇಳಿಕೊಳ್ಳುತ್ತಾರೆ. ಗಣಪತಿ ಮಾವ ಮಾತ್ರ ಅಲ್ಲೂ ಎಲ್ಲರಿಗಿಂತ ಮೊದಲು. ನಾನು ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಸೈರನ್ ಹಾಕಿದರೆ ಜನ "ಆಂಬುಲೆನ್ಸಾ?" ಎಂದು ಕೇಳುತ್ತಾರೆ.

ಮೊನ್ನೆ ಸ್ನೇಹಿತರ ಜೊತೆ ಮುರ್ಡೇಶ್ವರಕ್ಕೆ ಹೋಗಿದ್ದೆ. ನೀರಿನ ತುಂಬ ಜನ. ತಡೆಯಲಾಗದೆ ಅಂಗೈ ಬಾಯಿಗೆ ಹಿಡಿದು, ಆಗಿನಷ್ಟೇ ಜೋರಾಗಿ ಕೂಗಿದೆ. ಒಬ್ಬರೂ ತಿರುಗಲಿಲ್ಲ. ನೋಡಿಕೊಂಡರೆ ನಾನೇ ನೀರು ಬಿಟ್ಟು ಒಣ ಮರಳಿಗೆ ಬಂದು ನಿಂತಿದ್ದೆ. ನನ್ನ ಸೈರನ್ನಿಗೆ ನನ್ನ ಕಾಲೇ ಮೋಸಹೋಗಿತ್ತು.

ಅಪ್ಪನಿಗೆ ಫೋನ್ ಹಚ್ಚಿದೆ. ಹಲೋ ಅನ್ನದೆ ಸೈರನ್ನನ್ನೇ ಹಾಕಿದೆ. ಅದು ಇಳಿಯುವುದರೊಳಗೆ ಅಪ್ಪ ಕೇಳಿದ:

"ಎಲ್ಲಿದೀಯೋ? ಮೇಲೆ ಬಂದ್ಯಾ?"

"ಬಂದೆ ಅಪ್ಪ" ಅಂದೆ.

ಕೆಳಗೆ ಉಳಿದವರೆಲ್ಲ ಇನ್ನೂ ನೀರಲ್ಲೇ ಇದ್ದರು.