ಅಕ್ಕ ಫೋಕಸ್ ಮಾಡಿದ ನಾಲ್ಕು ನಕ್ಷತ್ರ

ಮದುವೆ ಫೋಟೋದಲ್ಲಿ ಮದುಮಗಳು ಕಣ್ಣು ಮುಚ್ಚಿದ್ದರೆ ಸ್ಟುಡಿಯೋದವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇನ್ನೊಂದು ಫೋಟೋದಿಂದ ಅವಳದೇ ಕಣ್ಣು ತಂದು ಕೂರಿಸಿ, ಅಂಚು ತಿದ್ದಿ, ಹಣೆಯ ಬೆವರನ್ನೂ ಒರೆಸಿಬಿಡುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಇದೇ ಕಸುಬು. ಊರಿನ ಅರ್ಧ ಜನ ತಮ್ಮ ಮನೆಯ ಗೋಡೆಯ ಮೇಲೆ ಇದ್ದದ್ದಕ್ಕಿಂತ ಚೆಲುವಾಗಿ ನಗುತ್ತಿದ್ದದ್ದು ಅವನ ದಯೆಯಿಂದ.

ಅವನ ಅಕ್ಕ ಹೊಲಿಗೆಯವಳು. ದೂರದರ್ಶಕ ಅವಳದು, ಹಟವೂ ಅವಳದು. ಟೆರೇಸಿನಲ್ಲಿ ಆಕಾಶದ ಚಿತ್ರ ಹಿಡಿಯುವುದು ಅವಳು. ಸ್ಟುಡಿಯೋದ ಕಂಪ್ಯೂಟರಿನಲ್ಲಿ ಅವನ್ನೆಲ್ಲ ಒಂದರ ಮೇಲೊಂದು ಸೇರಿಸಿ ಬಣ್ಣ ಎಬ್ಬಿಸುವುದು ಅವನು. ಈ ಸಲ ಓರಿಯನ್ ನೀಹಾರಿಕೆ, ಆಕಾಶದಲ್ಲಿ ಹೊಳೆಯುವ ಅನಿಲದ ಮೋಡ. ಅದರ ನಡುಭಾಗ ಎಷ್ಟು ಪ್ರಖರವೆಂದರೆ, ಅಂಚಿನ ಮಸುಕು ಮೋಡ ಮೂಡುವಷ್ಟು ಹೊತ್ತು ಕ್ಯಾಮೆರಾ ತೆರೆದಿಟ್ಟರೆ ಅಲ್ಲೆಲ್ಲ ಬರೀ ಬಿಳಿ. ಅದಕ್ಕೇ ಅಕ್ಕ ನಡುವಿನ ನಾಲ್ಕು ನಕ್ಷತ್ರಗಳಿಗಾಗಿ ಎರಡೆರಡು ಸೆಕೆಂಡಿನ ಅರವತ್ತು ಚಿತ್ರ ಬೇರೆಯಾಗಿ ತೆಗೆದಿದ್ದಳು. ಅವಳ ಕಣ್ಣಿನ ನರ ಸೊರಗುತ್ತಿತ್ತು. ಹೋದ ದೃಷ್ಟಿ ಮರಳುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

ಆ ಅರವತ್ತನ್ನೂ ಅವನು ಅಳಿಸಿಬಿಟ್ಟ. ಕಪ್ಪಾಗಿ ಕಂಡವು, ಸ್ಟುಡಿಯೋದಲ್ಲಿ ಕಪ್ಪಾಗಿ ಬಂದದ್ದೆಲ್ಲ ಫ್ಲ್ಯಾಶ್ ಕೈಕೊಟ್ಟ ಚಿತ್ರ. ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿ, ಅದರಲ್ಲೇ ಒಂದು ಶಾಲೆಯ ಗ್ರೂಪ್ ಫೋಟೋ ಮುಗಿಸಿಕೊಂಡು ಬಂದ ಮೇಲೆ, ಅವು ಅಕ್ಕ ಬೇಕೆಂದೇ ತೆಗೆದ ನಡುವಿನ ಚಿತ್ರಗಳೆಂದು ಹೊಳೆಯಿತು. ಹೇಳಲು ನಾಲಿಗೆ ಏಳಲಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಯಾರದೋ ಚಿತ್ರದಿಂದ ನಡುಭಾಗ ಕತ್ತರಿಸಿ, ತಿರುಗಿಸಿ, ಬಣ್ಣ ಹೊಂದಿಸಿ ಕೂರಿಸಿದ. ಕೈಚಳಕಕ್ಕೇನು ಕಡಿಮೆ?

ಭಾನುವಾರ ಬೆಳಿಗ್ಗೆ ಅಕ್ಕ ಸ್ಟುಡಿಯೋಗೆ ಬಂದು, ದೊಡ್ಡ ಪ್ರಿಂಟನ್ನು ಮೇಜಿನ ಮೇಲೆ ಹಾಸಿ, ಭೂತಗನ್ನಡಿ ಹಿಡಿದು ಬಗ್ಗಿದಳು. ಗನ್ನಡಿಯನ್ನು ನಡುವಿಗೂ ಅಂಚಿಗೂ ಮತ್ತೆ ಮತ್ತೆ ಒಯ್ದಳು.

"ದೂರದರ್ಶಕ ಯಾವುದಾದ್ರೂ ಶಾಲೆಗೆ ಕೊಟ್ಟುಬಿಡ್ತೀನಿ ಕಣೋ," ಅಂದಳು. "ಹೊರಗಿನ ನಕ್ಷತ್ರಕ್ಕೆ ಕಿರಣ ಕಾಣುತ್ತೆ. ನಡುವಿನ ನಾಲ್ಕಕ್ಕೆ ಎಷ್ಟು ನೋಡಿದ್ರೂ ಕಾಣ್ತಿಲ್ಲ. ಕಣ್ಣು ಇಷ್ಟು ಹೋಗಿದೆ ಅಂತ ನಂಗೇ ಗೊತ್ತಿರಲಿಲ್ಲ."

ಅವಳ ದೂರದರ್ಶಕದ ಬಾಯಲ್ಲಿ ಪುಟ್ಟ ಕನ್ನಡಿಯೊಂದನ್ನು ಹಿಡಿದ ನಾಲ್ಕು ತಗಡಿನ ಪಟ್ಟಿಗಳಿವೆ. ಅವುಗಳಿಂದಾಗಿ ಹೊಳೆಯುವ ನಕ್ಷತ್ರಕ್ಕೆಲ್ಲ ನಾಲ್ಕು ಕಿರಣ ಮೂಡುತ್ತವೆ. ಕದ್ದ ಚಿತ್ರ ಅಂಥ ಪಟ್ಟಿಗಳಿಲ್ಲದ ದೂರದರ್ಶಕದ್ದು. ಅಲ್ಲಿನ ನಕ್ಷತ್ರಗಳು ನುಣ್ಣಗೆ ದುಂಡಗಿದ್ದವು. ಇದು ಸ್ಟುಡಿಯೋದವನಿಗೆ ಹೊಳೆದೇ ಇರಲಿಲ್ಲ.

ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾಚಿಕೆಗೆಟ್ಟವನು, ಹಾಗೇ ಬಿಟ್ಟುಬಿಡೋಣವೆಂದೂ ಯೋಚಿಸಿದ.

"ಅಕ್ಕ, ನಿಂಗೆ ಸರಿಯಾಗೇ ಕಾಣ್ತಿದೆ. ಅಲ್ಲಿ ಕಿರಣ ಇಲ್ಲ. ಅವು ನೀನು ತೆಗೆದ ನಕ್ಷತ್ರಗಳಲ್ಲ."

ಅಳಿಸಿದ್ದು, ಕದ್ದದ್ದು, ಮುಚ್ಚಿಟ್ಟದ್ದು ಎಲ್ಲ ಹೇಳಿ, ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತ. ಅಕ್ಕ ಬೈಯಲಿಲ್ಲ. ಮತ್ತೆ ಬಗ್ಗಿ ಆ ನಾಲ್ಕನ್ನೂ ಒಂದೊಂದಾಗಿ ನೋಡಿದಳು.

"ಕಿರಣ ಇಲ್ಲ ಅಲ್ವಾ? ನಿಜವಾಗ್ಲೂ ಇಲ್ಲ ತಾನೇ?"

ಅವಳ ಮುಖ ಅರಳಿತ್ತು. ತಮ್ಮ ಕಳ್ಳನೆಂದು ತಿಳಿದು ಅವಳು ಅಷ್ಟು ಖುಷಿಪಟ್ಟಿದ್ದಳು; ಆ ಮುಖವನ್ನು ನೋಡಲು ಅವನಿಂದಾಗಲಿಲ್ಲ.