ಹಾಡ್ಯಾಡಿ ಅಳುವವರು

ನನಗೆ ಸಿಟ್ಟು ಬೇಗ ಬರುತ್ತದೆ. ಬೇರೆಯವರಿಗೆ ಸಂಬಳ ಏರದಿದ್ದರೆ, ಮಕ್ಕಳು ಮಾತು ಕೇಳದಿದ್ದರೆ ಸಿಟ್ಟು ಬಂದರೆ ನನಗೆ ಬಂದದ್ದು ಫಿನ್‌ಲ್ಯಾಂಡಿನ ಐವರು ಗಂಡಸರ ಮೇಲೆ. ಅವರನ್ನು ನಾನು ಹತ್ತಿರದಿಂದ ಕಂಡದ್ದು ಒಂದೇ ಸಲ. ಅವರು ನನ್ನನ್ನು ಕಂಡೇ ಇಲ್ಲ.

ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಒಂದು ಸಿ.ಡಿ. ಕೊಟ್ಟಳು. ಆ ಐವರ ಬ್ಯಾಂಡಿನ ಮೊದಲ ಆಲ್ಬಮ್ಮು. ಕರಡಿಯ ತೊಗಲು ಹೊದ್ದು, ಮುಖಕ್ಕೆ ಮಸಿ ಬಳಿದುಕೊಂಡು ನಿಂತ ಹುಡುಗರ ಫೋಟೋ. ಹರಕುಮುರುಕು ಇಂಗ್ಲಿಷಿನಲ್ಲಿ ಅವರ ಊರಿನ ಕಥೆಗಳು: ಕಾಡಿನ ಒಡೆಯ, ಕಬ್ಬಿಣಕ್ಕೆ ಶಾಪ ಹಾಕುವ ಕಮ್ಮಾರ, ಸತ್ತವರ ಊರನ್ನು ಸುತ್ತಿ ಹರಿಯುವ ಕಪ್ಪು ಹೊಳೆ. ಗಾಯಕ ಹಾಡುತ್ತಿರಲಿಲ್ಲ, ಹೊಟ್ಟೆಯೊಳಗಿಂದ ಗುರುಗುಟ್ಟುತ್ತಿದ್ದ. ಜೋರಾಗಿ ನಗಬಾರದು, ಜೋರಾಗಿ ನಡೆಯಬಾರದು ಎಂದು ಕೇಳಿಕೊಂಡು ಬೆಳೆದ ಗದಗಿನ ಹುಡುಗಿಗೆ ಒಬ್ಬರು ಅಷ್ಟು ಗಟ್ಟಿಯಾಗಿ ಕೂಗಿಕೊಳ್ಳಬಹುದು ಎನ್ನುವುದೇ ದೊಡ್ಡ ಸುದ್ದಿ. ನಾನು ಅವರ ಪಾಲಾದೆ.

ಅವರು ಬೆಳೆದಂತೆ ನಾನೂ ಬೆಳೆದೆ. ಎರಡನೆಯ ಆಲ್ಬಮ್ಮಿನಲ್ಲಿ ಅಕಾರ್ಡಿಯನ್ ಬಂತು, ತೊಡೆಯ ಮೇಲಿಟ್ಟು ಮೀಟುವ ಅವರ ತಂತಿವಾದ್ಯ ಕಾಂತೆಲೆ ಬಂತು. ಮೂರನೆಯದರ ಹೊತ್ತಿಗೆ ಇಂಗ್ಲಿಷು ಹೋಗಿ ಪೂರ್ತಿ ಫಿನ್ನಿಶ್ ಆಯಿತು. ಆಗ ನಾನು ಸ್ಯಾನ್ ಹೊಸೆಯ ಅಪಾರ್ಟ್‌ಮೆಂಟಿನಲ್ಲಿದ್ದೆ, ಹೊಸದಾಗಿ ಮದುವೆಯಾಗಿತ್ತು. ನನ್ನ ಗಂಡ ಬೆಂಗಳೂರಿನವರು. ಮೊದಲ ಸಲ ಆ ಹಾಡು ಕೇಳಿ ಅಡುಗೆಮನೆಗೆ ಓಡಿ ಬಂದು, “ಅಯ್ಯೋ, ಮಿಕ್ಸಿ ಕೆಟ್ಟೋಯ್ತು ಅನ್ಕೊಂಡೆ ಕಣೇ!” ಎಂದರು. ನಾಲ್ಕನೆಯದು ಅವರನ್ನು ದೊಡ್ಡವರನ್ನಾಗಿ ಮಾಡಿತು. ಬಿಯರು, ಕುಣಿತ, ಸಾವಿರಾರು ಜನ. ಅವರು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಾಗ ಎಂಟು ತಿಂಗಳ ಬಸುರಿ ನಾನು ಮುಂದಿನ ಸಾಲಿನಲ್ಲಿ ನಿಂತು ಗಂಟಲು ಕಟ್ಟುವ ತನಕ ಕೂಗಿ ಬಂದೆ. ಫಿನ್ನಿಶ್ ಬರುವುದಿಲ್ಲ, ಆದರೆ ಅವರ ಹಾಡುಗಳ ಒಂದಕ್ಷರವೂ ತಪ್ಪುವುದಿಲ್ಲ.

ಆಮೇಲೆ ಡ್ರಮ್ಮು ಬಾರಿಸುವವನು ಬಿಟ್ಟುಹೋದ. ಗಾಯಕ ಹಲವು ವರ್ಷ ಎಲ್ಲಿದ್ದನೋ ಗೊತ್ತಾಗಲಿಲ್ಲ. ಹೋದ ವರ್ಷ ಹೊಸ ಆಲ್ಬಮ್ಮು ಬಂತು. ಅದರ ನಡುವೆ ಒಂಬತ್ತು ನಿಮಿಷದ ಒಂದು ಹಾಡು. ಗಿಟಾರಿಲ್ಲ, ಡ್ರಮ್ಮಿಲ್ಲ, ಗುರುಗುಟ್ಟುವಿಕೆ ಇಲ್ಲ. ಐವತ್ತರ ಹತ್ತಿರದ ಗಂಡಸಿನ ಒಡಕು ದನಿ, ಹಿಂದೆ ಕಾಂತೆಲೆಯ ಎರಡು ತಂತಿ. ಆಲ್ಬಮ್ಮಿನ ಜೊತೆಗಿದ್ದ ಟಿಪ್ಪಣಿಯಲ್ಲಿ ಅವನೇ ಬರೆದಿದ್ದ: ತಾಯಿ ಸತ್ತ ಮೇಲೆ ಗಡಿಯ ಕಡೆಯ ಹಳ್ಳಿಗೆ ಹೋಗಿ, ಒಬ್ಬ ಮುದುಕಿಯಿಂದ ಇದನ್ನು ಕಲಿತನಂತೆ. ಸತ್ತವರನ್ನು ಕಳಿಸಿಕೊಡಲು ಹೆಂಗಸರು ಹಾಡುತ್ತಿದ್ದದ್ದು. ಅದರಲ್ಲಿ ಸತ್ತವರ ಹೆಸರು ಹೇಳುವಂತಿಲ್ಲ, ಬೇರೆ ಮಾತಿನಲ್ಲಿ ಸುತ್ತಿ ಬಳಸಿ ಕರೆಯಬೇಕು. ಅವರ ಭಾಷೆಯಲ್ಲಿ ಅದಕ್ಕಿರುವ ಹೆಸರಿಗೆ ಅಳುಹಾಡು ಎಂದು ಅರ್ಥ.

ಅಭಿಮಾನಿಗಳು ರೊಚ್ಚಿಗೆದ್ದರು. ನಾನೂ ಹಿಂದೆ ಬೀಳಲಿಲ್ಲ. “ಇಪ್ಪತ್ತು ವರ್ಷ ಕಿರುಚಿದವನಿಗೆ ಈಗ ಅಳು ನೆನಪಾಯಿತೇ? ಅಳುವುದಿದ್ದರೆ ಮನೆಯಲ್ಲಿ ಅಳಲಿ,” ಎಂದು ಅಭಿಮಾನಿಗಳ ಆನ್‌ಲೈನ್ ಗುಂಪಿಗೆ ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ನೂರಾರು ಜನ ಮೆಚ್ಚಿದರು. ಅಷ್ಟಕ್ಕೆ ಬಿಡಬೇಕಿತ್ತು. ಬಿಡಲಿಲ್ಲ. ಬೈಯುವುದಕ್ಕೆಂದೇ ದಿನಾ ಅದನ್ನು ಕೇಳತೊಡಗಿದೆ. ಮೆನ್ಲೋ ಪಾರ್ಕಿನ ಆಫೀಸಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಅಷ್ಟು ಸಿಟ್ಟು ಯಾಕೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಉತ್ತರ ಗೊತ್ತಿತ್ತು.

ನನ್ನ ಅಪ್ಪ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಅಪ್ಪ, ಅವ್ವ ಇಬ್ಬರೂ ನಾವು ಆಮೇಲೆ ಬಂದು ನೆಲೆಸಿದ ಸ್ಯಾನ್ ರಮೋನಿನಲ್ಲಿ ನಮ್ಮೊಂದಿಗೇ ಇದ್ದರು. ಅಪ್ಪ ಗದಗಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು, ಬಸ್ಸುಗಳು ಬಂದುಹೋಗುವ ಹೊತ್ತು ಬರೆದುಕೊಂಡೇ ಆಯುಷ್ಯ ಕಳೆದವರು. ಇಲ್ಲಿ ಬಂದ ಮೇಲೆ ಫೋನಿನ ನಕ್ಷೆಯಲ್ಲಿ, ಗಾಡಿಗಳು ಕಿಕ್ಕಿರಿದಲ್ಲಿ ಕೆಂಪಾಗುವ ಫ್ರೀವೇಗಳನ್ನು ನೋಡುತ್ತ ಕೂರುತ್ತಿದ್ದರು. ನಾನು ಆಫೀಸು ಬಿಡುವ ಹೊತ್ತಿಗೆ ಫೋನು ಬರುತ್ತಿತ್ತು: “ಬ್ರಿಜ್ ಕೆಂಪ ಆಗೈತಿ. ಹತ್ತು ಮಿನಿಟ್ ತಡದು ಬಿಡು.” ನನ್ನ ಆಫೀಸಿಗೂ ಮನೆಗೂ ನಡುವೆ ಕೊಲ್ಲಿಯ ಮೇಲಿರುವ ಆ ಸೇತುವೆಯನ್ನು ಅವರು ತಮ್ಮದೇ ಡಿಪೋದ್ದು ಎಂಬಂತೆ ನೋಡಿಕೊಳ್ಳುತ್ತಿದ್ದರು.

ಎದೆನೋವೆಂದು ಆಸ್ಪತ್ರೆಗೆ ಸೇರಿಸಿ ಮೂರನೆಯ ದಿನ. ಡಾಕ್ಟರು ಗಾಬರಿಯಿಲ್ಲ ಎಂದಿದ್ದರು. ನಾಲ್ಕಕ್ಕೆ ಬರುತ್ತೇನೆ ಎಂದು ಹೇಳಿ ಆಫೀಸಿಗೆ ಹೋದೆ. ಮೀಟಿಂಗು ಮುಗಿಯಲಿಲ್ಲ. ನಿಜ ಹೇಳಬೇಕೆಂದರೆ ಎದ್ದು ಬರಬಹುದಿತ್ತು. ನನ್ನ ಸ್ಲೈಡುಗಳು ಇನ್ನೂ ಬಾಕಿ ಇದ್ದವು, ಕೂತೆ. ಆಮೇಲೆ ಸೇತುವೆಯ ಮೇಲೆ ಸಿಕ್ಕಿಕೊಂಡೆ. ಆರಕ್ಕೆ ತಲುಪಿದಾಗ ಅಪ್ಪ ಹೋಗಿ ಒಂದು ತಾಸಾಗಿತ್ತು. ಹಾಸಿಗೆಯ ಪಕ್ಕದಲ್ಲಿ ಅವ್ವ ಒಬ್ಬಳೇ ಕುಳಿತಿದ್ದಳು.

ನಮ್ಮ ಕಡೆ ಯಾರಾದರೂ ಸತ್ತರೆ ಹೆಂಗಸರು ಬರೀ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದಂತೆ, ರಾಗವಾಗಿ, ನಡೆದದ್ದನ್ನೆಲ್ಲ ಎತ್ತಿ ಆಡುತ್ತ ಅಳುತ್ತಾರೆ. ಸತ್ತವರು ಕಡೆಗೆ ಏನು ಉಂಡರು, ಯಾರನ್ನು ಕೇಳಿದರು, ಯಾರು ಬಂದರು, ಯಾರು ಬರಲಿಲ್ಲ, ಯಾವುದನ್ನೂ ಬಿಡುವುದಿಲ್ಲ. ಬದುಕಿದ್ದಾಗ ಬಾಯಿ ಬಿಡದ ಸೊಸೆಯಂದಿರು ಹೆಣದ ಮುಂದೆ ಮನೆಯವರ ಮಾನ ಹರಾಜು ಹಾಕುವುದನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ಆಗ ಯಾರೂ ಅವರ ಬಾಯಿ ಮುಚ್ಚಿಸುವಂತಿಲ್ಲ.

ಅಪ್ಪನ ಮಣ್ಣಿನ ದಿನ ಫ್ಯೂನರಲ್ ಹೋಮಿನವರು ನಮಗೆ ಒಂದು ತಾಸು ಕೊಟ್ಟಿದ್ದರು. ಕಾರ್ಪೆಟ್ಟು, ಸಾಲಾಗಿ ಕುರ್ಚಿ, ಎತ್ತರದ ಪೆಟ್ಟಿಗೆಯೊಳಗೆ ಅಪ್ಪ. ನನ್ನ ಆಫೀಸಿನವರು ಕಪ್ಪು ಬಟ್ಟೆ ಹಾಕಿಕೊಂಡು ಬಂದಿದ್ದರು, ಹಿಂದೆ ಇಪ್ಪತ್ತು ಮೂವತ್ತು ಕನ್ನಡದವರು. ಅವ್ವ ಪೆಟ್ಟಿಗೆಯ ಅಂಚು ಹಿಡಿದು ನಿಂತಳು. ನಲವತ್ತೆಂಟು ವರ್ಷ ಅಪ್ಪನ ಹೆಸರನ್ನು ಬಾಯಲ್ಲಿ ಹೇಳದವಳು, ‘ನೀವು’ ಬಿಟ್ಟು ಮಾತಾಡದವಳು, ಏಕವಚನದಲ್ಲಿ ಶುರು ಮಾಡಿದಳು.

“ಅರ್ಧ ರೊಟ್ಟಿ ಉಂಡ್ಯಲ್ಲೋ ನನ್ನ ದೊರಿಯೇ, ಅರ್ಧ ನನಗಂತ ಬಿಟ್ಟ್ಯಲ್ಲೋ… ದವಾಖಾನ್ಯಾಗ ಹಸರ ಜೆಲ್ಲಿ ತಂದು ಕೊಟ್ಟರ ಹುಡುಗರ ಆಟಗಿ ಸಾಮಾನಂತ ನಕ್ಕ್ಯಲ್ಲೋ… ಬಾಗಲ ಕಡೆ ಮಾರಿ ಮಾಡಿ ಕುಂತಿ, ಮಗಳ ಬಂದಳೇನ ನೋಡಂದಿ…”

ನಾನು ಓಡಿಹೋಗಿ ಅವಳ ತೋಳು ಹಿಡಿದೆ. “ಸಾಕು ಬೇ. ಇಲ್ಲೆ ಹಂಗ ಅಳಬಾರದು. ಮಂದಿ ನೋಡಾಕತ್ತಾರ.”

ಅವ್ವ ನನ್ನ ಮುಖ ನೋಡಿ ಬಾಯಿ ಮುಚ್ಚಿದಳು. ಕಣ್ಣೀರೂ ಅಲ್ಲಿಗೇ ನಿಂತಿತು. ಆಮೇಲೆ ಎಲ್ಲರ ಹತ್ತಿರ, ಗಂಡನ ಹತ್ತಿರ ಕೂಡ, ಆಫೀಸಿನವರ ಮುಂದೆ ಮುಜುಗರವಾಯಿತು ಎಂದೇ ಹೇಳಿದೆ. ಅದು ಸುಳ್ಳು. ಆಫೀಸಿನವರಿಗೆ ಕನ್ನಡ ಎಲ್ಲಿ ಬರುತ್ತಿತ್ತು? ನನಗೆ ಹೆದರಿಕೆ ಇದ್ದದ್ದು ಹಿಂದೆ ಕುಳಿತ ಕನ್ನಡದವರದ್ದು, ಮುಂದೆ ಬರಲಿದ್ದ ಸಾಲಿನದ್ದು. ಮಗಳು ಬರಲಿಲ್ಲ ಎನ್ನುವುದು ಎಲ್ಲರ ಕಿವಿಗೆ ಬೀಳುವ ಮೊದಲೇ ನಾನು ನನ್ನ ತಾಯಿಯ ಬಾಯಿ ಮುಚ್ಚಿಸಿದೆ. ಆ ನಾಚಿಕೆ ಈಗಲೂ ಇದೆ.

ಅದಾದ ಮೇಲೆ ಅವ್ವ ಅಳಲೇ ಇಲ್ಲ. ಅಡುಗೆ ಮಾಡುತ್ತಿದ್ದಳು, ಮೊಮ್ಮಗಳ ಬಟ್ಟೆ ಮಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಜಗಳ ಆಡಿದ್ದರೆ ಎಷ್ಟೋ ವಾಸಿಯಿತ್ತು. ಮೊದಲು ರೊಟ್ಟಿ ಬಡಿಯುವಾಗ ಏನಾದರೂ ಗುನುಗುತ್ತಿದ್ದವಳು ಈಗ ಬರೀ ರೊಟ್ಟಿ ಬಡಿಯುತ್ತಿದ್ದಳು. ಅಡುಗೆಮನೆಯಿಂದ ಆ ಟಪಟಪ ಕೇಳಿದಾಗಲೆಲ್ಲ ನಾನು ಇನ್ನೊಂದು ಕೋಣೆಗೆ ಹೋಗುತ್ತಿದ್ದೆ.

ಈ ವರ್ಷ ಒಂದು ಭಾನುವಾರ ಬೆಳಿಗ್ಗೆ ಅವ್ವನನ್ನೂ ಮಗಳನ್ನೂ ಕೂರಿಸಿಕೊಂಡು ಗ್ರಾಸರಿಗೆ ಹೊರಟೆ. ಆರುನೂರ ಎಂಬತ್ತನೆಯ ನಂಬರಿನ ಫ್ರೀವೇ ಹತ್ತುವ ಹೊತ್ತಿಗೆ ಫೋನು ತಾನೇ ಕಾರಿಗೆ ಜೋಡಿಕೊಂಡು, ನಾನು ಹಿಂದಿನ ದಿನ ಕೇಳುತ್ತಿದ್ದುದನ್ನೇ ಹಾಕಿತು. ಆ ಒಡಕು ದನಿ. ನಾನು ಆಫ್ ಮಾಡಲು ಕೈ ಚಾಚಿದೆ.

“ಯಾರ ಸತ್ತಾರವಾ?” ಎಂದಳು ಅವ್ವ.

ಅವಳು ತಮಾಷೆ ಮಾಡುತ್ತಿರಲಿಲ್ಲ. ಯಾವುದೋ ಮನೆಯಿಂದ ಸುದ್ದಿಯ ಫೋನು ಬಂದಿದೆ, ಅಲ್ಲಿ ಯಾರೋ ಅಳುತ್ತಿದ್ದಾರೆ ಎಂದೇ ತಿಳಿದಿದ್ದಳು. ಹಿಂದಿನ ಸೀಟಿನಿಂದ ಮಗಳು, “ನೋಬಡಿ, ಅಜ್ಜಿ. ಇಟ್ಸ್ ಜಸ್ಟ್ ಅ ಸಾಂಗ್. ಅಮ್ಮಾಸ್ ಬ್ಯಾಂಡ್, ಫ್ರಮ್ ಫಿನ್‌ಲ್ಯಾಂಡ್,” ಎಂದಳು.

“ಹಾಡಲ್ಲದು. ಹಾಡ್ಯಾಡಿ ಅಳಾಕತ್ತಾನ,” ಎಂದಳು ಅವ್ವ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. “ಅವರವ್ವ ಸತ್ತಾಳ. ಗಂಡಸಾಗಿ ತಾನ ಅಳಾಕತ್ತಾನಲ್ಲ, ಅವರ ಮನ್ಯಾಗ ಹೆಣ್ಣಮಕ್ಕಳ ಇಲ್ಲೇನ?”

ಅವ್ವನಿಗೆ ಅವನ ತಾಯಿಯ ವಿಷಯ ನಾನು ಹೇಳಿರಲಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ, “ಅವ್ವನ ಅಳು ಬ್ಯಾರೆ ಇರತೈತಿ,” ಎಂದಷ್ಟೇ ಹೇಳಿದಳು. ಆಫ್ ಮಾಡಲು ಬಿಡಲಿಲ್ಲ. ಒಂಬತ್ತು ನಿಮಿಷವೂ ಸೆರಗನ್ನು ಬಾಯಿಗೆ ಹಿಡಿದು ಕೇಳಿದಳು. ಗ್ರಾಸರಿಯ ಎಕ್ಸಿಟ್ಟು ಹೋಯಿತು, ಅದರ ಮುಂದಿನದೂ ಹೋಯಿತು. ಹಾಡು ಮುಗಿದಾಗ ಅವ್ವ ಹೇಳಿದಳು: “ಮುಗಿಸಿದ, ಚಲೋ ಆತು. ಅರ್ಧಕ್ಕ ಬಿಡಬಾರದು. ಬಿಟ್ಟರ ಸತ್ತವರಿಗೆ ದಾರಿ ಸಿಗೂದಿಲ್ಲ, ಇದ್ದವರಿಗೂ ಸಿಗೂದಿಲ್ಲ.”

ಸತ್ತವರ ಹೆಸರು ಹೇಳಬಾರದು ಎನ್ನುವ ಫಿನ್‌ಲ್ಯಾಂಡಿನ ಮುದುಕಿಯರ ಕಟ್ಟಳೆಯನ್ನು ಓದಿ, ಎಂಥ ಸೂಕ್ಷ್ಮ ಎಂದು ಬೆರಗಾಗಿದ್ದವಳು ನಾನು. ಗಂಡನ ಹೆಸರು ಹೇಳದ ಅವ್ವನನ್ನು ಹಳೇ ಕಾಲದವಳು ಎಂದು ಆಡಿಕೊಂಡವಳೂ ನಾನೇ.

“ಅವ್ವಾ, ನಿಂದ ಮುಗಸ್ತೀಯೇನ?” ಎಂದೆ.

“ಹೆಣ ಇಲ್ಲದ ಹೆಂಗ ಅಳೂದು? ಕಾರನ್ಯಾಗ ಕುಂತ ಅಳೂದೇನ ಅದು?” ಎಂದು ರೇಗಿದಳು. ಎರಡು ವರ್ಷದಲ್ಲಿ ಅವಳು ನನ್ನ ಮೇಲೆ ರೇಗಿದ್ದು ಅದೇ ಮೊದಲು. ಆಮೇಲೆ ಕಿಟಕಿಯ ಕಡೆ ತಿರುಗಿ, “ಮಣ್ಣ ಕೊಟ್ಟಲ್ಲಿಗರ ಕರಕೊಂಡ ನಡಿ,” ಎಂದಳು.

ಅಪ್ಪನನ್ನು ಮಣ್ಣು ಮಾಡಿದ್ದು ಗುಡ್ಡದ ಇಳಿಜಾರಿನಲ್ಲಿ. ಅಲ್ಲಿ ಗೋರಿಗಳಿಲ್ಲ, ಹುಲ್ಲಿನೊಳಗೆ ಹುದುಗಿಸಿದ ಚಪ್ಪಟೆ ಕಲ್ಲುಗಳು, ಎಲ್ಲವೂ ಒಂದೇ ಥರ. ನಾನು ಹೆಸರು ಹುಡುಕುತ್ತಿದ್ದೆ. ಅವ್ವ ನೀರಿನ ನಲ್ಲಿಯಿಂದ ಏಳು ಕಲ್ಲು ಎಣಿಸಿ ನೇರ ಹೋಗಿ ಕೂತಳು. ದೂರದಲ್ಲಿ ಒಬ್ಬ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ. ಮಗಳು ಫೋನು ತೆಗೆದಳು. ಬೇಡ ಎಂದು ತಲೆಯಾಡಿಸಿದೆ, ಒಳಗಿಟ್ಟಳು.

ಅವ್ವ ಕಲ್ಲಿನ ಮೇಲೆ ಅಂಗೈ ಇಟ್ಟು ಮತ್ತೆ ಮೊದಲಿನಿಂದ ಶುರು ಮಾಡಿದಳು. ಅರ್ಧ ರೊಟ್ಟಿ, ಹಸಿರು ಜೆಲ್ಲಿ, ಬಾಗಿಲ ಕಡೆಗೆ ಮುಖ. ನಾನು ಹುಲ್ಲು ನೋಡುತ್ತ ಕೂತೆ. ಆ ಸಾಲು ಬಂತು. ಈ ಸಲ ತಡೆಯುವವರಿರಲಿಲ್ಲ.

“ಮಗಳ ಬಂದಳೇನ ನೋಡಂದಿ, ಬರತಾಳ ಬರತಾಳ ಅಂದೆ ನಾ… ಫೋನ ತಗೊಂಡು ದಾರಿ ನೋಡಿ, ಬ್ರಿಜ್ ಕೆಂಪ ಆಗೈತಿ ಅಂದ್ಯಲ್ಲೋ… ಅವಸರ ಮಾಡಿ ಓಡಸಬ್ಯಾಡ, ಸಾವಕಾಶ ಬಾ ಅಂತ ಹೇಳಂದ್ಯಲ್ಲೋ… ಹೇಳಾಕ ನನಗ ಬಾಯಿಲ್ಲದಂಗಾತೋ ನನ್ನ ದೊರಿಯೇ…”

ಅವ್ವ ಎಲ್ಲ ಮುಗಿಸುವ ತನಕ ಅತ್ತಳು. ನನಗೆ ಹಗುರವಾಗಲಿಲ್ಲ. ಬೈಗುಳ ಬರುತ್ತದೆಂದು ಎರಡು ವರ್ಷ ಕಿವಿ ಮುಚ್ಚಿಕೊಂಡಿದ್ದೆ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅಪ್ಪ ನನಗೆಂದು ಹೇಳಿ ಕಳಿಸಿದ ಕಡೆಯ ಮಾತನ್ನು ಅವ್ವನ ಗಂಟಲಲ್ಲೇ ಹಿಡಿದು ನಿಲ್ಲಿಸಿದವಳು ನಾನು. ಬ್ರಿಜ್ಜಿನ ಮೇಲೆ ಅಂದಿನಿಂದ ಎಷ್ಟು ಸಾವಿರ ಮೈಲಿ ಓಡಿಸಿದ್ದೇನೋ, ಒಂದು ದಿನವೂ ಸಾವಕಾಶ ಓಡಿಸಿಲ್ಲ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಈಗ ನೀ,” ಎಂದಳು.

“ನನಗ ಬರೂದಿಲ್ಲ ಬೇ.”

“ಆ ಫಿನ್‌ಲ್ಯಾಂಡಿನವಂದು ಬರತೈತಿ, ನಿಮ್ಮಪ್ಪಂದು ಬರೂದಿಲ್ಲ?” ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. “ನಾಳೆ ನಾ ಸತ್ತರ ಯಾರ ಅಳವರು? ಅವನ್ನ ಕರಸ್ತೀ ಏನು?”

ನಾನು ಬಾಯಿ ತೆರೆದೆ. ಬಂದದ್ದು ಅವನ ಹಾಡಿನ ರಾಗ, ಒಂಬತ್ತು ನಿಮಿಷದ ಆ ರಾಗ. ಅದರ ಮೇಲೆ ‘ಅಪ್ಪಾ’ ಎನ್ನುವುದೊಂದೇ ಪದ.

“ಹಂಗಲ್ಲವಾ,” ಎಂದು ಅವ್ವ ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. “ರಾಗ ಯಾವುದರ ಇರಲಿ. ಊಟದಿಂದ ಸುರು ಮಾಡು.”

ನನ್ನ ಮಗಳು ಪಕ್ಕದಲ್ಲಿ ಬಂದು ಕೂತಳು. ನಾನು ಮತ್ತೆ ಶುರು ಮಾಡಿದೆ. “ಅರ್ಧ ರೊಟ್ಟಿ ಉಂಡಿ, ಅಪ್ಪಾ. ನಾ ನೋಡಲಿಲ್ಲ.”